ಮಾಳಪ್ಪನ ಕಿಸೆಯಲ್ಲಿದ್ದ ಹಳದಿ ಪುಡಿ

ಸೈಕಲ್ ಕೋಚ್ ಆದವನು ಸೈಕಲ್ ಹೊಡೆಯುವುದೊಂದನ್ನು ಬಿಟ್ಟು ಉಳಿದ ಎಲ್ಲ ಕೆಲಸವನ್ನೂ ಮಾಡಬೇಕಾಗುತ್ತದೆ. ಪಂಕ್ಚರ್ ತೆಗೆಯಬೇಕು, ಬುತ್ತಿ ಕಟ್ಟಿಸಬೇಕು, ಲಾರಿಯವರಿಗೆ ಕೈಮುಗಿದು ರಸ್ತೆ ಬಿಡಿಸಬೇಕು, ಸೋತವನ ಅಪ್ಪನಿಂದ ಬೈಸಿಕೊಳ್ಳಬೇಕು. ಈ ಕೆಲಸಕ್ಕೆ ಹೊಸದಾಗಿ ಸೇರಿದ ತರುಣರು ಈಗಲೂ ನಮ್ಮ ಮನೆಗೆ ಬಂದು, "ಸರ್, ನಿಮ್ಮ ಕಾಲಕ್ಕ ಟ್ರೇನಿಂಗ್ ಹ್ಯಾಂಗಿತ್ರಿ" ಎಂದು ಕೇಳುತ್ತಾರೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎನ್ನುವುದು ಅವರಿಗೂ ಬೇಡ, ನನಗೂ ಸರಿಯಾಗಿ ನೆನಪಿಲ್ಲ. ನೆನಪಿರುವುದನ್ನು ಮಾತ್ರ ಬರೆಯುತ್ತೇನೆ.

ನಾನು ಬಾಗಲಕೋಟೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ರೇಸ್ ಸೈಕಲ್ ಎಂದರೆ ಬೇರೆ ಏನೂ ಅಲ್ಲ. ಹಾಲು ಹಾಕುವವನ ಸೈಕಲ್ಲಿನ ಮಡ್ಗಾರ್ಡು ಕಳಚಿ, ಕ್ಯಾರಿಯರ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕೂಡಿಸಿದರೆ ಮುಗಿಯಿತು. ರೇಸಿನ ಮರುದಿನ ಅದೇ ಸೈಕಲ್ಲಿಗೆ ಮತ್ತೆ ಕ್ಯಾರಿಯರ್ ಹತ್ತಿ ಹಾಲಿನ ಕ್ಯಾನು ಏರುತ್ತಿತ್ತು. ಆಮೇಲೆ ಒಬ್ಬೊಬ್ಬರಾಗಿ ರೈಲ್ವೆಯ ಸವಾರರು ಹೊಡೆದು ಬಿಟ್ಟ ಹಳೆಯ ಬಾಗು ಹ್ಯಾಂಡಲ್ಲಿನ ಸೈಕಲ್ಲುಗಳನ್ನು ತರತೊಡಗಿದರು. ಅಂಥ ಸೈಕಲ್ ಊರೊಳಗೆ ಬಂದರೆ ಮದುಮಗಳನ್ನು ನೋಡಲು ಬಂದಂತೆ ಜನ ಸೇರುತ್ತಿದ್ದರು.

ಆಗಿನ ನಮ್ಮ ಶಾಸ್ತ್ರವನ್ನು ಕೇಳಿದರೆ ಈಗಿನವರು ನಗುತ್ತಾರೆ. ಓಟದ ನಡುವೆ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ ಎಂದು ನಾನು ಬಹಳ ಗಟ್ಟಿಯಾಗಿ ಪಾಠ ಮಾಡುತ್ತಿದ್ದೆ. ಒಮ್ಮೆ ಕಮತಗಿಯ ಹತ್ತಿರ ನಮ್ಮವನೊಬ್ಬ ಸೈಕಲ್ ಒಗೆದು ಬಾವಿಗೆ ಇಳಿದುಬಿಟ್ಟ. ಮೇಲಿನಿಂದ ನಾನು ಬೈಯುತ್ತಿದ್ದೆ, ಅವನು ಕೆಳಗೆ ಆರಾಮವಾಗಿ ಬೊಗಸೆ ಬೊಗಸೆ ಕುಡಿಯುತ್ತಿದ್ದ. ಕುಡಿದು ಮೇಲೆ ಬಂದವನು ನನ್ನ ಮಾತು ಕೇಳಿದ್ದವರನ್ನೆಲ್ಲ ಹಿಂದೆ ಹಾಕಿ ಮೊದಲು ಮುಟ್ಟಿದ. ಅಲ್ಲಿಗೆ ನನ್ನ ಆ ಪಾಠ ಮುಗಿಯಿತು. ಆಮೇಲೆ ನೀರಿನ ಬಾಟಲಿ ಬಂತು, ಅಮೀನಗಡದ ಕರದಂಟು ಕಿಸೆಗೆ ಬಂತು. ಸವಾರನ ಬಾಯಿಗೆ ಏನು ಹೋಗುತ್ತದೆ ಎನ್ನುವುದು ಕೋಚ್‌ಗೆ ಗೊತ್ತಿರಲೇಬೇಕು ಎನ್ನುವ ಹೊಸ ನಿಯಮವನ್ನು ನಾನೇ ಮಾಡಿಕೊಂಡೆ. ಆ ನಿಯಮ ಒಂದು ದಿನ ನನಗೆ ದೊಡ್ಡ ಆಸರೆಯಾಯಿತು.

ನಮ್ಮ ಸೈಕಲ್ ಸಂಘದ ಅಧ್ಯಕ್ಷರು ನಿವೃತ್ತ ಮಾಮಲೇದಾರರು, ಅಂದರೆ ತಹಶೀಲ್ದಾರರು. ಜೀವಮಾನದಲ್ಲಿ ಸೈಕಲ್ ಹತ್ತಿದವರಲ್ಲ. ಆದರೆ ಸಂಘದ ನಿಯಮ ಪುಸ್ತಕ ನಮ್ಮ ಕಡೆ ಇದ್ದದ್ದೇ ಒಂದು, ಅದು ಸದಾ ಅವರ ಕೋಟಿನಲ್ಲಿರುತ್ತಿತ್ತು. ಏನು ಹೇಳಲು ಹೋದರೂ ಅವರದು ಒಂದೇ ಪ್ರಶ್ನೆ. "ಮಾಸ್ತರ, ನಿಯಮ ಏನು ಹೇಳ್ತದ?" ಈ ಮಾತಿಗೆ ನಾನು ಎಷ್ಟು ಸಲ ಹಲ್ಲು ಕಡಿದಿದ್ದೇನೋ ದೇವರೇ ಬಲ್ಲ. ಆದರೆ ಅವರು ಯಾರ ಮನೆಯ ಚಹಾಕ್ಕೂ ಬಾಗಿದವರಲ್ಲ, ಅದನ್ನೂ ಹೇಳಬೇಕು.

ಇನ್ನು ಮಾಳಪ್ಪ. ಹುನಗುಂದ ತಾಲೂಕಿನಲ್ಲಿ ರಾಮಥಾಳದ ಆಚೆಯ ಹಳ್ಳಿಯವನು, ಕುರಿ ಕಾಯುವ ಮನೆತನ. ಕಂಬಳಿಯ ಗಂಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಒಮ್ಮೆ ನಮ್ಮ ಸವಾರರು ತರಬೇತಿಗೆ ಹೊರಟಾಗ ಗಂಟಿನ ಸಮೇತ ಅವರ ಹಿಂದೆ ಬಿದ್ದವನು ಬಾಗಲಕೋಟೆಯವರೆಗೂ ಬಿಡಲಿಲ್ಲ. "ಯಾಕಲೇ ಬೆನ್ನು ಹತ್ತಿದಿ?" ಎಂದರೆ, "ಒಬ್ಬನ ಬರಾಕ ಬ್ಯಾಸರಾಗಿತ್ರಿ" ಎಂದ. ಅವತ್ತೇ ಅವನನ್ನು ಸೇರಿಸಿಕೊಂಡೆ. ಅವನ ತಾಯಿ ನೀಲವ್ವ ಹಿಂಡಿನಲ್ಲಿಯ ಚಲೋ ಟಗರನ್ನು ಮಾರಿ ಅವನಿಗೆ ರೈಲ್ವೆಯವರ ಹಳೆಯ ಸೈಕಲ್ ಕೊಡಿಸಿದಳು. ಆ ಟಗರನ್ನು ಮಗನಿಗಿಂತ ಹೆಚ್ಚು ಜೋಪಾನ ಮಾಡಿದ್ದಳು ಎಂದು ಊರವರು ಹೇಳುತ್ತಿದ್ದರು.

ಮಾಳಪ್ಪನ ಕಿಸೆಯಲ್ಲಿ ಯಾವಾಗಲೂ ಒಂದು ಸಣ್ಣ ಬಟ್ಟೆಯ ಪೊಟ್ಟಣ ಇರುತ್ತಿತ್ತು. ರೇಸ್ ಶುರುವಾಗುವ ಮೊದಲು ಬೂಟು ಕಳಚಿ, ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ಹಳದಿ ಪುಡಿಯನ್ನು ಹಣೆಗೆ ಹಚ್ಚಿ ಇನ್ನೊಂದು ಚಿಟಿಕೆಯನ್ನು ನಾಲಿಗೆಯ ಮೇಲೆ ಹಾಕಿಕೊಳ್ಳುತ್ತಿದ್ದ. ದಾರಿಯಲ್ಲಿ ಕಾಲು ಸೋತಾಗಲೂ ಒಂದು ಚಿಟಿಕೆ; ಸೈಕಲ್ ಮೇಲಿದ್ದಾಗ ಬೂಟು ನೆಲ ಮುಟ್ಟುವುದಿಲ್ಲ, ದೋಷವಿಲ್ಲ ಎನ್ನುತ್ತಿದ್ದ. ಮೊದಲ ದಿನವೇ ಕೇಳಿದ್ದೆ.

"ಏನಲೇ ಅದು?"

"ಬೀರಪ್ಪನ ಭಂಡಾರರಿ. ಅವ್ವ ಕೊಟ್ಟಾಳ."

ಭಂಡಾರವೆಂದರೆ ಗುಡಿಯಲ್ಲಿ ದೇವರಿಗೆ ಏರಿಸಿ ಭಕ್ತರಿಗೆ ಕೊಡುವ ಅರಿಷಿಣದ ಪುಡಿ. ಕುರಿ ಕಾಯುವವರ ದೇವರು ಬೀರಪ್ಪ; ಅವನನ್ನು ನಂಬಿದ ಜನಕ್ಕೆ ಅದು ಪ್ರಸಾದ, ಔಷಧಿ, ಆಣೆ ಮಾಡುವಾಗ ಸಾಕ್ಷಿ, ಎಲ್ಲವೂ ಹೌದು. ನಮ್ಮ ಮನೆಯಲ್ಲಿ ಪೂಜೆಯಾದ ಮೇಲೆ ಹಣೆಗೆ ಹಚ್ಚುವ ಅಂಗಾರ, ಅಕ್ಷತೆ ಇದ್ದಂತೆ ಅವರಿಗೆ ಇದು ಎಂದುಕೊಂಡು ನಾನು ಸುಮ್ಮನಾದೆ.

ಆ ಹೊತ್ತಿಗೆ ನಮ್ಮ ಕಡೆಯ ರೇಸುಗಳಿಗೆ ಒಂದು ಹೊಸ ತಂಡ ಬಂದಿತ್ತು. ಪೇಟೆಯ ದೊಡ್ಡ ದಲಾಲಿ ಅಂಗಡಿಯ ಸಾಹುಕಾರರೊಬ್ಬರು ಕಟ್ಟಿದ ತಂಡ. ಸವಾರರೆಲ್ಲರಿಗೂ ಒಂದೇ ಬಣ್ಣದ ಹೊಸ ಬನಿಯನ್ನು, ಹೊಸ ಸೈಕಲ್ಲು, ಹಿಂದೆ ಜೀಪು. ಜೀಪಿನಲ್ಲಿ ಕರಿ ಕನ್ನಡಕ ಹಾಕಿಕೊಂಡು ಮ್ಯಾನೇಜರ್ ಶ್ಯಾಮರಾಯರು. ಸವಾರಿಗಾಗಿ ಸಂಬಳ ತೆಗೆದುಕೊಳ್ಳುವವನು ಹವ್ಯಾಸಿಗಳ ರೇಸಿನಲ್ಲಿ ಓಡಬಾರದು, ರಾಜ್ಯ ತಂಡಕ್ಕೂ ಬರಬಾರದು ಎಂಬುದು ಆಗಿನ ನಿಯಮ. ಇವರಿಗೆ ಪಗಾರ ಸಿಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಎಲ್ಲಿಂದ ಸಿಗುತ್ತದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ಸಾಹುಕಾರರು, "ಹುಡುಗ್ರ ಹೌಸಿ, ನನ್ನ ಆಶೀರ್ವಾದ, ಅಷ್ಟ" ಎಂದು ನಗುತ್ತಿದ್ದರು.

ಆ ತಂಡದ ಹುಲಿ ಎಂದರೆ ಅಮೋಗಿ. ಬಾದಾಮಿ ಕಡೆಯವನು, ಅವನ ಮನೆತನವೂ ಬೀರಪ್ಪನಿಗೇ ನಡೆದುಕೊಳ್ಳುವ ಒಕ್ಕಲು. ಮೊದಲು ಎಲ್ಲರೊಂದಿಗೆ ನಗುತ್ತಿದ್ದವನು ಆ ತಂಡಕ್ಕೆ ಸೇರಿದ ಮೇಲೆ ಬೇರೆಯೇ ಆದ. ಕಣ್ಣು ಕೆಂಪು, ಮಾತು ಚುಟುಕು, ಗೆದ್ದ ಮೇಲೂ ಕೈ ನಡುಗುತ್ತಿತ್ತು. ಲಾರಿಯವರು ನಿದ್ದೆ ಬಾರದಿರಲೆಂದು ನುಂಗುವ ಗುಳಿಗೆಯನ್ನು ಅವನಿಗೆ ಕೊಡುತ್ತಾರಂತೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕೇಳಿದ್ದನ್ನು ಹೇಳಿದರೆ ಅಧ್ಯಕ್ಷರು ಬಿಡುತ್ತಾರೆಯೇ, ನಿಯಮ ಪುಸ್ತಕ ಹೊರಗೆ ಬರುತ್ತಿತ್ತು. "ಕಂಡೀರೇನು? ಕಂಡಿಲ್ಲಂದ್ರ ಸುಮ್ನ ಕೂಡ್ರಿ."

ಆ ವರ್ಷದ ದೊಡ್ಡ ರೇಸ್ ಬಾದಾಮಿ ಸ್ಟೇಷನ್ನಿನಿಂದ ಬಾಗಲಕೋಟೆ, ಹುನಗುಂದದ ಮೇಲೆ ಹಾದು ಇಳಕಲ್ಲಿಗೆ. ಗೆದ್ದವನಿಗೆ ರಾಜ್ಯ ತಂಡದ ಶಿಬಿರದಲ್ಲಿ ಜಾಗ, ಮರುವಾರವೇ ಹೊರಡಬೇಕು. ಮಾಳಪ್ಪ ಒಂದು ವರ್ಷದಿಂದ ಇದರ ಸಲುವಾಗಿಯೇ ಬೆವರು ಸುರಿಸಿದ್ದ. ಜೋಳ ತೆನೆಗಟ್ಟಿದ ಕಾಲ, ಮುಖಕ್ಕೆ ಹೊಡೆಯುವ ಮೂಡಗಾಳಿ. ನಾನು ಸ್ನೇಹಿತರೊಬ್ಬರ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ಬೆನ್ನು ಹತ್ತಿದ್ದೆ. ಬಾಗಲಕೋಟೆ ದಾಟಿದ ಮೇಲೆ ಅಮೋಗಿ ಹುಚ್ಚು ಹಿಡಿದವನಂತೆ ಕಿತ್ತುಕೊಂಡು ಹೋದ. ಅಮೀನಗಡದಲ್ಲಿ ಮಾಳಪ್ಪ ಬಹಳ ಹಿಂದೆ ಇದ್ದ. ನಾನು ಆಸೆ ಬಿಟ್ಟಿದ್ದೆ. ಹುನಗುಂದ ದಾಟಿ ಏರು ಬರುವಲ್ಲಿ ಅವನು ಕಿಸೆಗೆ ಕೈ ಹಾಕಿದ, ಪೊಟ್ಟಣ ಬಿಚ್ಚಿದ, ಚಿಟಿಕೆಯನ್ನು ನಾಲಿಗೆಗೆ ಹಾಕಿಕೊಂಡ. ಆಮೇಲೆ ಪೆಡಲಿನ ಮೇಲೆ ಎದ್ದು ನಿಂತ. ಆ ಏರಿನಲ್ಲಿ ಅವನು ಅಮೋಗಿಯನ್ನು ಹಿಡಿದು, ದಾಟಿ ಹೋದದ್ದನ್ನು ನೋಡಿ ನಾನು ಮೋಟರ್ ಸೈಕಲ್ಲಿನ ಮೇಲೆ ಕುಣಿದದ್ದಕ್ಕೆ ನನ್ನ ಸ್ನೇಹಿತರು ಗಾಡಿ ಬೀಳುತ್ತದೆಂದು ಬೈದರು.

ಇಳಕಲ್ಲಿನಲ್ಲಿ ಜನ ಮಾಳಪ್ಪನನ್ನು ಹೆಗಲ ಮೇಲೆ ಎತ್ತಿದ್ದರು. ಅಷ್ಟರಲ್ಲಿ ಜೀಪು ಬಂತು. ಶ್ಯಾಮರಾಯರು ಇಳಿದವರೇ ನೇರವಾಗಿ ಅಧ್ಯಕ್ಷರ ಹತ್ತಿರ ಹೋದರು.

"ನಾ ಕಣ್ಣಾರೆ ನೋಡೇನ್ರಿ. ಏರಿನಾಗ ಕಿಸೆದಿಂದ ಪುಡಿ ತೆಗೆದು ತಿಂದಾನ. ಅದು ಮತ್ತಿನ ಔಷಧ. ಅದಿಲ್ದ ಆ ಗಾಳ್ಯಾಗ ಮನುಷ್ಯಾ ಹಂಗ ಹೊಡಿಲಿಕ್ಕೆ ಸಾಧ್ಯ ಇಲ್ಲ. ಮಾಸ್ತರೂ ಹಿಂದ ಇದ್ರು, ಕೇಳ್ರಿ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. ಪುಡಿ ತಿಂದದ್ದು ಖರೆ, ಅದು ಭಂಡಾರ ಎಂದೆ. ಅವರು ಪುಸ್ತಕ ತೆಗೆದರು. ಫಲಿತಾಂಶ ತಡೆಹಿಡಿಯಲಾಗಿದೆ ಎಂದು ಹೇಳಿ, ಎಲ್ಲರನ್ನೂ ಹತ್ತಿರದ ಸಾಲೆಯೊಂದರ ಕೋಣೆಗೆ ಕರೆದರು. ಹೆಗಲ ಮೇಲಿದ್ದ ಮಾಳಪ್ಪ ಕೆಳಗಿಳಿದ. ಕಿಟಕಿಗಳ ತುಂಬ ಜನ ನಿಂತರು, ಹೆಚ್ಚಿನವರು ಸುತ್ತಲಿನ ರೈತರು.

"ಆ ಪೊಟ್ಟಣ ಟೇಬಲ್ ಮ್ಯಾಲ ಇಡು" ಎಂದರು ಅಧ್ಯಕ್ಷರು.

ಮಾಳಪ್ಪ ಪೊಟ್ಟಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ. "ಇಡಂಗಿಲ್ರಿ. ದೇವರ ಭಂಡಾರ ಐತಿ. ನೀವೆಲ್ಲಾ ಬೂಟು ಹಾಕ್ಕೊಂಡೀರಿ."

ಶ್ಯಾಮರಾಯರು ನಕ್ಕರು. "ನೋಡ್ರಿ, ಕೊಡೂದಿಲ್ಲಂತ. ಇನ್ನೇನು ಬೇಕು?"

ನನಗೆ ಮೈಯೆಲ್ಲ ಉರಿಯಿತು. ನಮ್ಮ ಪುಣ್ಯಾತ್ಮ ಮಾಳಪ್ಪ ತನ್ನ ಕೈಯಿಂದಲೇ ತನ್ನ ತಲೆಯ ಮೇಲೆ ಕಲ್ಲು ಹಾಕಿಕೊಳ್ಳುತ್ತಿದ್ದಾನೆ. ನಾನು ಹೊರಗೆ ಹೋಗಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬಂದು ಅವನ ಮುಂದೆ ಎರಡೂ ಕೈ ಚಾಚಿದೆ. ಆಗ ಅವನು ತನ್ನ ಬೂಟು ಕಳಚಿ, ಮುಷ್ಟಿ ಸಡಿಲಿಸಿ ಒಂದು ಚಿಟಿಕೆ ಕೊಟ್ಟ. ಹಣೆಗೆ ಹಚ್ಚಿ, ಉಳಿದದ್ದನ್ನು ಬಾಯಿಗೆ ಹಾಕಿಕೊಂಡು ಎಲ್ಲರ ಎದುರು ನಿಂತೆ. "ಇನ್ನ ನನ್ನನ್ನೂ ಸೈಕಲ್ ಹತ್ತಿಸ್ರಿ, ನೋಡೂಣು ಎಷ್ಟು ಜೋರು ಹೊಡಿತೇನಿ" ಎಂದೆ. ಕಿಟಕಿಯಲ್ಲಿದ್ದವರು ನಕ್ಕರು. ಅಧ್ಯಕ್ಷರು ನಗಲಿಲ್ಲ.

ರೇಸ್ ನಡೆಸುವ ಸಮಿತಿಯಲ್ಲಿ ಸರಕಾರಿ ದವಾಖಾನೆಯ ಡಾಕ್ಟರ್ ಬಾಯಿಯೊಬ್ಬರು ಇದ್ದರು. ಹಿಂದಿನ ವರ್ಷ ಒಬ್ಬ ಮೂರ್ಛೆ ಹೋಗಿದ್ದರಿಂದ ಆ ಸಲ ಮುಟ್ಟಿದವರೆಲ್ಲರ ನಾಡಿಯನ್ನು ಅವರು ನೋಡಿದ್ದರು. ಈಗ ಅವರು ಮಾತಾಡಿದರು.

"ಪುಡಿ ಇರ್ಲಿ, ಮನುಷ್ಯಾರನ್ನ ನೋಡ್ರಿ. ಮಾಳಪ್ಪನ ನಾಡಿ ನೀರು ಕುಡಿಯೂದ್ರಾಗ ಇಳೀತು. ಅಮೋಗಿದು ಇನ್ನೂ ಓಡ್ಲಿಕ್ಕತ್ತದ. ಇಂಥಾ ಬಿಸಲಾಗ ಸಣ್ಣಾಗಬೇಕಾದ ಕಣ್ಣಿನ ಗೊಂಬಿ ದೊಡ್ಡವಾಗ್ಯಾವ, ನಾಲಿಗಿ ಒಣಗೇದ. ಕೈ ನೋಡ್ರಿ."

ಎಲ್ಲರೂ ಅಮೋಗಿಯ ಕೈ ನೋಡಿದರು. ಅವನು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಬಿಸಲಾಗ ಬಂದಾನ್ರಿ, ಹಂಗ ಆಗ್ತದ" ಎಂದರು ಶ್ಯಾಮರಾಯರು.

"ಇಬ್ರೂ ಅದ ಬಿಸಲಾಗ ಬಂದಾರಲ್ರಿ" ಎಂದರು ಡಾಕ್ಟರ್ ಬಾಯಿ. ಆದರೆ ಇದು ಅನುಮಾನವೇ ಹೊರತು ಸಾಕ್ಷಿಯಲ್ಲ ಎಂದೂ ಅವರೇ ಹೇಳಿದರು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಪುಡಿಯನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸುವುದು, ಉತ್ತರ ಬರುವತನಕ ಇಬ್ಬರ ಫಲಿತಾಂಶವನ್ನೂ ತಡೆಯುವುದು, ಶಿಬಿರಕ್ಕೆ ಈ ಸಲ ನಮ್ಮ ಕಡೆಯಿಂದ ಯಾರೂ ಹೋಗುವುದು ಬೇಡ, ಇದು ಅವರ ತೀರ್ಮಾನ. ಉತ್ತರ ಬರಲು ತಿಂಗಳುಗಟ್ಟಲೆ ಬೇಕು, ಶಿಬಿರ ಮರುವಾರ. ಶ್ಯಾಮರಾಯರ ಮುಖ ಅರಳಿತು. ತಮ್ಮವನು ಹೋಗದಿದ್ದರೂ ಚಿಂತೆಯಿಲ್ಲ, ಮಾಳಪ್ಪ ಹೋಗಬಾರದು. ನಾನು ಕಿಟಕಿಯ ಕಡೆ ನೋಡಿದೆ. ಮಗನ ರೇಸ್ ನೋಡಲು ಬಂದಿದ್ದ ನೀಲವ್ವ ಅಲ್ಲಿ ರೈತರ ನಡುವೆ ನಿಂತಿದ್ದಳು. ಅವಳಿಗೆ ನಿಯಮ ತಿಳಿಯುತ್ತಿರಲಿಲ್ಲ, ಮಗನ ಮುಖ ತಿಳಿಯುತ್ತಿತ್ತು.

ಆಗ ಮಾಳಪ್ಪ ಬರಿಗಾಲಲ್ಲಿ ಎದ್ದು ನಿಂತ. ಪೊಟ್ಟಣ ಬಿಚ್ಚಿ ಬಲಗೈಯಲ್ಲಿ ಭಂಡಾರ ಹಿಡಿದ.

"ಬೀರಪ್ಪನ ಮುಟ್ಟಿ ಹೇಳ್ತೇನ್ರಿ. ಇವತ್ತ ನನ್ನ ಬಾಯಾಗ ನೀರು, ಕರದಂಟು, ಈ ಭಂಡಾರ, ಇಷ್ಟ ಹೋಗಿದ್ದು." ಆಮೇಲೆ ಅಂಗೈಯನ್ನು ಅಮೋಗಿಯ ಮುಂದೆ ಚಾಚಿದ. "ಅಮೋಗ್ಯಾ, ನೀನೂ ಅವನ ಒಕ್ಕಲ. ನೀನೂ ಮುಟ್ಟಿ ಹೇಳು. ಹೇಳಿದಿ ಅಂದ್ರ ನಾನ ಸೋತೇನಿ ಅಂತ ಬರದು ಕೊಟ್ಟು ಮನಿಗಿ ಹೋಗ್ತೇನಿ."

ಇಂಥ ಮಾತನ್ನು ಯಾವ ಕೋಚೂ ಹೇಳಿಕೊಡುವುದಿಲ್ಲ. ಅಮೋಗಿಯ ಕೈ ಮುಂದೆ ಬಂತು. ಭಂಡಾರದವರೆಗೆ ಬರಲಿಲ್ಲ, ಅರ್ಧಕ್ಕೇ ನಿಂತಿತು.

ಶ್ಯಾಮರಾಯರಿಗೆ ಸೈರಣೆ ತಪ್ಪಿತು. ಆಣೆಯ ಭಾರ ಅವರಿಗೆ ಗೊತ್ತಿರಲಿಲ್ಲ. ಇಷ್ಟು ಸಲೀಸಾಗಿ ಗೆಲ್ಲುವ ಅವಕಾಶ ಕೈತಪ್ಪುತ್ತದಲ್ಲ ಎಂದು ಗದರಿದರು. "ಮುಟ್ಟಲೇ, ಹೆದರತಿ ಯಾಕ? ಬರೇ ಅರಿಷಿಣ ಪುಡಿ ಅದ ಅದು. ಮುಟ್ಟಿ ಹೇಳು, ಮುಗಿಸು."

ಅಧ್ಯಕ್ಷರು ನಿಧಾನವಾಗಿ ಕನ್ನಡಕ ಏರಿಸಿಕೊಂಡರು.

"ಏನಂದ್ರಿ ಶ್ಯಾಮರಾಯರ? ಬರೇ ಅರಿಷಿಣಾ?"

ಕಿಟಕಿಯಿಂದ ಯಾರೋ "ಖರೇದು ಅವರ ಬಾಯಿಲೆನ ಬಂತ್ನೋಡ್ರಿ" ಎಂದರು. ಕೋಣೆಗೆ ಕೋಣೆಯೇ ನಗತೊಡಗಿತು. ನಾನಂತೂ ಬೆಂಚಿನ ಮೇಲೆ ಬಡಿದು ಬಡಿದು ನಕ್ಕೆ.

ನಗದವನು ಅಮೋಗಿಯೊಬ್ಬನೇ. ಅವನು ನೆಲಕ್ಕೆ ಕೂತುಬಿಟ್ಟಿದ್ದ. "ನಾ ಮುಟ್ಟಂಗಿಲ್ರಿ" ಎಂದ. "ಗುಳಿಗಿ ತಿಂದೇನಿ. ಬಾದಾಮ್ಯಾಗ ತಿನಿಸಿದ್ರು, ಬಾಗಲಕೋಟ್ಯಾಗ ಮತ್ತ ತಿನಿಸಿದ್ರು. ಒಲ್ಲೆ ಅಂದ್ರ ನಾಳಿಂದ ಬರಬ್ಯಾಡ ಅಂತಾರ. ಮನ್ಯಾಗ ತಂಗಿ ಮದಿವಿ ಐತಿ. ಅಂಗಡ್ಯಾಗ ಹಮಾಲ ಅಂತ ಹೆಸರ ಹಚ್ಚಿ ಪಗಾರ ಕೊಡ್ತಾರ. ನಾ ಒಂದರೆ ಚೀಲ ಹೊತ್ತಿಲ್ರಿ."

"ಆ ಪಗಾರ ಎಲ್ಲಿಂದ ಬರ್ತದ?" ಎಂದರು ಅಧ್ಯಕ್ಷರು.

"ಧರ್ಮಾದಾಯದಾಗಿಂದ್ರಿ. ಸೈಕಲ್ಲು, ಜೀಪಿನ ಎಣ್ಣಿ, ಗುಳಿಗಿ, ಎಲ್ಲಾ ಅದರಾಗಿಂದನ."

ಇಲ್ಲಿ ಹೊಸಬರಿಗೆ ಒಂದು ಮಾತು ಹೇಳಬೇಕು. ರೈತ ಪೇಟೆಗೆ ತಂದ ಪ್ರತಿ ಚೀಲದ ಮೇಲೆ ದಲಾಲರು ಗುಡಿಗೆ, ಗೋಶಾಲೆಗೆ ಎಂದು ಹೇಳಿ ಸ್ವಲ್ಪ ಹಣ ಮುರಿದುಕೊಳ್ಳುತ್ತಿದ್ದರು. ಅದಕ್ಕೆ ಧರ್ಮಾದಾಯ ಎಂದು ಹೆಸರು. ದೇವರ ಹೆಸರಿನಲ್ಲಿ ಕೊಟ್ಟದ್ದಕ್ಕೆ ಲೆಕ್ಕ ಕೇಳುವುದು ಪಾಪ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಕಿಟಕಿಯಲ್ಲಿದ್ದವರ ನಗು ನಿಂತಿತು. ತಲೆಗೆ ಪಟಕ ಸುತ್ತಿದ ಒಬ್ಬ ಮುದುಕ ಸರಳುಗಳ ನಡುವೆ ಮುಖವಿಟ್ಟು ತಣ್ಣಗೆ ಕೇಳಿದ.

"ಅಂದ್ರ ನಾವು ದೇವರಿಗಿ ಕೊಟ್ಟ ರೊಕ್ಕದಾಗ ಈ ಬಡವನ ಮಗಗ ಗುಳಿಗಿ ತಿನಿಸಿದ್ರಿ. ಹೌದಿಲ್ರಿ ರಾಯರ?"

ಶ್ಯಾಮರಾಯರು ಜೀಪಿನ ಕಡೆ ಹೋದರು. ಜೀಪಿನ ಸುತ್ತ ಎಷ್ಟು ಜನ ನಿಂತಿದ್ದರೆಂದರೆ ಅದು ಹೊರಡಲು ಬಹಳ ಹೊತ್ತು ಹಿಡಿಯಿತು. ಯಾರೂ ಅವರ ಮೈ ಮುಟ್ಟಲಿಲ್ಲ. ದಾರಿ ಬಿಡಲಿಲ್ಲ, ಅಷ್ಟೇ.

ಅಧ್ಯಕ್ಷರು ಅಲ್ಲಿಯೇ ನಿಂತು ಫಲಿತಾಂಶ ಓದಿದರು. ಮಾಳಪ್ಪ ಮೊದಲನೆಯವನು, ಶಿಬಿರಕ್ಕೆ ಅವನೇ. ಅಮೋಗಿ ಒಂದು ವರ್ಷ ರೇಸಿನಿಂದ ಹೊರಗೆ, ಆಮೇಲೆ ಯಾರ ಪಗಾರವೂ ಇಲ್ಲದೆ ಬಂದರೆ ಬರಬಹುದು. ಜನ ಮಾಳಪ್ಪನನ್ನು ಮತ್ತೆ ಎತ್ತಿಕೊಂಡರು. ನೇಕಾರರ ಓಣಿಯವರು ಕೆಂಪು ಸೆರಗಿನ ಇಳಕಲ್ ಸೀರೆಯೊಂದನ್ನು ತಂದು ನೀಲವ್ವನ ಕೈಯಲ್ಲಿಟ್ಟರು. ಅವಳು ಅದನ್ನು ಹೆಗಲಿಗೆ ಹಾಕಿಕೊಂಡು ಮಗನ ಸೈಕಲ್ ಹಿಡಿದು ಊರೆಲ್ಲ ನಡೆದಳು. "ನನ್ನ ಟಗರು ಗೆದ್ದೈತಿ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಅವಳು ಮಗನಿಗೆ ಅಂದಳೋ ಸೈಕಲ್ಲಿಗೆ ಅಂದಳೋ ನಾನು ಕೇಳಲಿಲ್ಲ.

ಮುಂದಿನ ಸುಗ್ಗಿಯಲ್ಲಿ ರೈತರು ಪೇಟೆಯಲ್ಲಿ ಚೀಲ ಇಳಿಸದೆ ಕುಳಿತರು. ಧರ್ಮಾದಾಯ ಎಲ್ಲಿ ಹೋಗುತ್ತದೆ ಎಂದು ಮೊದಲು ಹೇಳಿ, ಆಮೇಲೆ ಮುರಿಯಿರಿ ಎಂದರು. ಕೊನೆಗೆ ಆ ಹಣದಲ್ಲಿ ಎತ್ತುಗಳಿಗೆ ನೀರಿನ ತೊಟ್ಟಿಯಾಯಿತು, ಗಾಡಿಯವರಿಗೆ ನೆರಳಾಯಿತು. ಸಾಹುಕಾರರ ತಂಡದ ಬನಿಯನ್ನುಗಳನ್ನು ಹಮಾಲರು ಹಾಕಿಕೊಂಡು ಚೀಲ ಹೊರುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅವು ಅವರಿಗೇ ಹೆಚ್ಚು ಒಪ್ಪುತ್ತಿದ್ದವು.

ಶಿಬಿರದಿಂದ ರಾಜ್ಯ ತಂಡದ ಬನಿಯನ್ನು ಹಾಕಿಕೊಂಡು ಬಂದ ಮಾಳಪ್ಪ ಮಾಡಿದ ಮೊದಲ ಕೆಲಸ ಅಮೋಗಿಯನ್ನು ಹುಡುಕಿ ನನ್ನ ಹತ್ತಿರ ಕರೆತಂದದ್ದು. "ಇವಗ ನಮ್ಮ ಕೂಡ ಹೊಡಿಯಾಕ ಹಚ್ರಿ ಮಾಸ್ತರ್ರ. ಒಬ್ಬನ ಹೊಡಿಯಾಕ ನನಗ ಬ್ಯಾಸರಾಕ್ಕೈತಿ" ಎಂದ. ಗುಳಿಗೆ ಬಿಟ್ಟ ಅಮೋಗಿ ಮೊದಮೊದಲು ದಿನವೆಲ್ಲ ಮಲಗುತ್ತಿದ್ದ. ಸೈಕಲ್ ಹತ್ತಿದರೆ ಹಾಲಿನವರು ಅವನನ್ನು ದಾಟಿ ಹೋಗಿ ತಿರುಗಿ ನೋಡಿ ನಗುತ್ತಿದ್ದರು. ನಾನು ಅವನಿಗೆ ಬೇರೆ ಯಾವ ವಿದ್ಯೆಯನ್ನೂ ಕಲಿಸಲಿಲ್ಲ. ಹೊಟ್ಟೆ ತುಂಬ ಉಣ್ಣಿಸಿದೆ, ದಿನಾ ಬೆಳಿಗ್ಗೆ ಎಬ್ಬಿಸಿದೆ. ಅವನ ಕಣ್ಣಿನ ಕೆಂಪು ಹೋಯಿತು, ನಗು ತಿರುಗಿ ಬಂತು.

ಅವನ ಶಿಕ್ಷೆ ಮುಗಿದ ಮೇಲಿನ ಮೊದಲ ರೇಸ್. ಅದೇ ಬಾದಾಮಿ ಸ್ಟೇಷನ್ನು, ಅದೇ ಮೂಡಗಾಳಿ. ಇಬ್ಬರೂ ಒಂದೇ ತಂಡದಲ್ಲಿ. ಮಾಳಪ್ಪ ಬೂಟು ಕಳಚಿ ಪೊಟ್ಟಣ ಬಿಚ್ಚಿದ. ನಿಶಾನೆ ಹಿಡಿದು ನಿಂತಿದ್ದ ಅಧ್ಯಕ್ಷರು ಅತ್ತಿತ್ತ ನೋಡಿ, ಸದ್ದಿಲ್ಲದೆ ತಮ್ಮ ಬೂಟು ಬಿಟ್ಟು ಬಂದು ಕೈ ಚಾಚಿದರು.

"ನಿಯಮ ಏನು ಹೇಳ್ತದ್ರಿ?" ಎಂದು ನಾನು ಕೇಳಿಯೇಬಿಟ್ಟೆ. ವರ್ಷಗಟ್ಟಲೆ ಕಾದಿದ್ದೆ ಆ ಒಂದು ಮಾತಿಗೆ.

"ಬ್ಯಾಡ ಅಂತ ಎಲ್ಲೂ ಹೇಳಿಲ್ಲ, ಮಾಸ್ತರ" ಎಂದರು ಅವರು, ನಗುತ್ತ.

ಅಧ್ಯಕ್ಷರಿಗೆ ಕೊಟ್ಟ ಮೇಲೆ ಮಾಳಪ್ಪ ಅಂಗೈಯನ್ನು ಅಮೋಗಿಯ ಕಡೆ ತಿರುಗಿಸಿದ. ಅಮೋಗಿ ಬೂಟು ಕಳಚಿ ಕೈ ಮುಂದೆ ಚಾಚಿದ. ಈ ಸಲ ಅದು ಅರ್ಧಕ್ಕೆ ನಿಲ್ಲಲಿಲ್ಲ.